ಗಣಕಯಂತ್ರದ ತಾಪವೂ ಕರ್ಮದ ದೋಷವೂ

ದೋಷದ ಸೋಂಕಿಲ್ಲದ ಕರ್ಮವೊಂದು ಲೋಕದಲ್ಲಿ ಉಂಟೆ ಎಂಬ ಪ್ರಶ್ನೆ ನಮ್ಮ ನಾಡಿನ ತತ್ತ್ವವಿಚಾರದಷ್ಟೇ ಪುರಾತನವಾದುದು. ಯಜ್ಞವೇದಿಯ ಬಳಿ ಹವಿಸ್ಸನ್ನು ಹಿಡಿದು ನಿಂತವರು ಅದನ್ನು ಕೇಳಿಕೊಂಡರು. ಯಜ್ಞವನ್ನೇ ತೊರೆದು ಅರಣ್ಯವನ್ನು ಸೇರಿದವರೂ ಕೇಳಿಕೊಂಡರು. ಕುಳಿತುಕೊಳ್ಳುವ ಕಲ್ಲನ್ನು ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಸವರಿ, ಅಲ್ಲಿರಬಹುದಾದ ಸೂಕ್ಷ್ಮಜೀವಕ್ಕೆ ಎಡೆಮಾಡಿಕೊಟ್ಟು ಆಮೇಲೆ ಕುಳಿತ ಶ್ರಮಣರು ತಮ್ಮ ದಿನಚರಿಯನ್ನೇ ಆ ಪ್ರಶ್ನೆಗೆ ಉತ್ತರವಾಗಿ ರೂಪಿಸಿಕೊಂಡರು. ಅಂಥ ಗುರುತರವಾದ ವಿಚಾರವನ್ನು ಮೇಜಿನ ಕೆಳಗೆ ಕುಳಿತು ಬಿಸಿಗಾಳಿಯನ್ನು ಉಗುಳುತ್ತ ಗೊರಗುಟ್ಟುವ ಒಂದು ಕಂಪ್ಯೂಟರಿನ ಮುಂದಿಟ್ಟು ಪರ್ಯಾಲೋಚಿಸುವುದು ಕೆಲವರಿಗೆ ಅನುಚಿತವೆನಿಸೀತು. ಆದರೆ ಕರ್ಮವು ತನ್ನ ಹಿಂದೆ ಬಿಟ್ಟುಹೋಗತಕ್ಕ ಶೇಷ ಎಷ್ಟು, ಅದರಲ್ಲಿ ತಪ್ಪಿಸಬಹುದಾದುದೆಷ್ಟು, ತಪ್ಪಿಸಲಾರದುದೆಷ್ಟು ಎಂಬುದನ್ನು ಅಳೆದು ಹೇಳಬಲ್ಲ ವಸ್ತುಗಳು ಪ್ರಪಂಚದಲ್ಲಿ ಬಹಳವಿಲ್ಲ. ಅಂಥ ಕೆಲವುಗಳಲ್ಲಿ ಇದೂ ಒಂದಾದುದರಿಂದ ಇದರ ಸಾಕ್ಷ್ಯವನ್ನು ಕೇಳುವುದರಲ್ಲಿ ನಷ್ಟವೇನೂ ಇರಲಾರದು.

ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯೊಂದನ್ನು ವೈಶಾಖದ ಮಧ್ಯಾಹ್ನದಲ್ಲಿ ಹೊಕ್ಕವರಿಗೆ ಈ ಸಾಕ್ಷಿಯ ಪರಿಚಯವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಜಮೀನಿನ ಅರ್ಜಿಯೋ, ಮದುವೆಯ ಲಗ್ನಪತ್ರಿಕೆಯೋ, ಸಹಕಾರ ಸಂಘದ ವಾರ್ಷಿಕ ವರದಿಯೋ ನುಡಿ ತಂತ್ರಾಂಶದಲ್ಲಿ ಅಕ್ಷರರೂಪವನ್ನು ತಾಳುತ್ತಿರುವಾಗ, ಜನ ವಾಡಿಕೆಯಲ್ಲಿ ಸಿಪಿಯು ಎಂದು ಕರೆಯುವ ಪೆಟ್ಟಿಗೆಯು ಯುಪಿಎಸ್ಸಿನ ಪಕ್ಕದಲ್ಲಿ, ಗೋಡೆಗೆ ಬೆನ್ನೊತ್ತಿಕೊಂಡು, ಮೊದಲು ಸಣ್ಣಗೆ ಗುಂಯ್‌ಗುಡುತ್ತಿದ್ದುದು ಬರಬರುತ್ತ ಎದುರಿಗಿರುವವನ ಮಾತನ್ನು ಮುಳುಗಿಸುವಷ್ಟು ಗದ್ದಲಮಾಡಿ, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಪರದೆಯನ್ನು ಕಪ್ಪಾಗಿಸಿ ನಿಂತುಬಿಡುತ್ತದೆ. ಅಂಗಡಿಯವನು ಪೆಟ್ಟಿಗೆಯ ಪಕ್ಕದ ಬಾಗಿಲನ್ನು ಕಳಚಿ ಅದರ ಒಡಲಿಗೆ ಟೇಬಲ್ ಫ್ಯಾನೊಂದನ್ನು ತಿರುಗಿಸಿಟ್ಟು, ಮತ್ತೆ ಗುಂಡಿಯನ್ನು ಒತ್ತಿ, ಏನೂ ನಡೆಯಲಿಲ್ಲವೆಂಬಂತೆ ಮುಂದಿನ ಗಿರಾಕಿಯತ್ತ ನೋಡುತ್ತಾನೆ. ಇಷ್ಟರಿಂದ ಆ ದಿನದ ಕೆಲಸವೇನೋ ಸಾಗುತ್ತದೆ. ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಶಾಖವು ಎಲ್ಲಿಂದ ಬಂತು? ವೈಶೇಷಿಕರು ತೇಜಸ್ಸನ್ನು ಒಂದು ದ್ರವ್ಯವೆಂದು ಎಣಿಸಿ ಉಷ್ಣಸ್ಪರ್ಶವನ್ನು ಅದರ ಲಕ್ಷಣವಾಗಿ ಹೇಳಿದರು; ಯೂರೋಪಿನ ವಿದ್ವಾಂಸರೂ ಹದಿನೆಂಟನೆಯ ಶತಮಾನದಲ್ಲಿ ಉಷ್ಣವೆಂಬುದು ಪದಾರ್ಥಗಳೊಳಗೆ ಹರಿದಾಡುವ ಅಗೋಚರವಾದ ಒಂದು ದ್ರವವೆಂದು ಬಹುಮಟ್ಟಿಗೆ ನಂಬಿದ್ದರು. ಮ್ಯೂನಿಕ್ ನಗರದಲ್ಲಿ ಫಿರಂಗಿಯ ಕೊಳವೆಗಳನ್ನು ಕೊರೆಸುತ್ತಿದ್ದ ಕೌಂಟ್ ರಮ್‌ಫರ್ಡನು, ಕೊರೆಯುವ ಕೆಲಸ ನಡೆಯುವಷ್ಟು ಕಾಲವೂ ಬಿಸಿ ಹುಟ್ಟುತ್ತಲೇ ಇರುವುದನ್ನು ಕಂಡು, ಲೋಹದಲ್ಲಿ ಅಡಗಿದ್ದ ದ್ರವವೊಂದು ಹೊರಬರುವುದಾಗಿದ್ದರೆ ಅದು ಎಂದಾದರೂ ಬತ್ತಲೇಬೇಕಾಗಿತ್ತಲ್ಲವೆ ಎಂದು ತರ್ಕಿಸಿ, 1798ರಲ್ಲಿ ಆ ನಂಬಿಕೆಯ ಬುಡವನ್ನು ಅಲುಗಿಸಿದನು. ಮುಂದೆ ಜೂಲ್ ಎಂಬ ಇಂಗ್ಲಿಷ್ ವಿಜ್ಞಾನಿ, ಇಂತಿಷ್ಟು ಕೆಲಸಕ್ಕೆ ಇಂತಿಷ್ಟೇ ಉಷ್ಣವೆಂಬ ನಿಯತವಾದ ಸಂಬಂಧವನ್ನು ಸ್ಥಾಪಿಸಿದನು. ತಂತಿಯಲ್ಲಿ ಹರಿಯುವ ವಿದ್ಯುತ್ತು ಎಷ್ಟು ಬಿಸಿಯನ್ನು ಹುಟ್ಟಿಸುತ್ತದೆಂಬ ನಿಯಮವೂ ಆತನದೇ. ಶಾಖವು ಹೊರಗಿನಿಂದ ಬಂದು ಸೇರಿದ ಅತಿಥಿಯಾಗಿರದೆ, ನಡೆದ ಕ್ರಿಯೆಯ ಗುರುತೇ ಆಗಿದೆ ಎಂಬುದು ಇದರಿಂದ ಸಿದ್ಧವಾಯಿತು.

ಕಂಪ್ಯೂಟರಿನ ವಿಷಯದಲ್ಲಿ ಈ ಸತ್ಯವು ಇನ್ನಷ್ಟು ನಿಷ್ಠುರವಾಗಿದೆ. ಗಿರಣಿಯ ಯಂತ್ರ ವಿದ್ಯುತ್ತನ್ನು ಉಂಡು ಹಿಟ್ಟನ್ನು ಕೊಡುತ್ತದೆ. ಪಂಪು ಅದನ್ನು ಉಂಡು ನೀರನ್ನು ಮೇಲಕ್ಕೆ ಏರಿಸುತ್ತದೆ. ಗಣಕಯಂತ್ರವು 300 ವಾಟ್ ಶಕ್ತಿಯನ್ನು ಸೆಳೆದುಕೊಂಡರೆ ಆ 300 ವಾಟ್ ಪ್ರಾಯಶಃ ಸಂಪೂರ್ಣವಾಗಿ ಬಿಸಿಯಾಗಿ ಕೋಣೆಗೆ ಬರುತ್ತದೆ. ಅಷ್ಟೇ ಬಲದ ವಿದ್ಯುತ್ ಒಲೆಯೊಂದನ್ನು ಅಲ್ಲಿ ಉರಿಸಿದರೆ ಕೋಣೆ ಎಷ್ಟು ಕಾಯುತ್ತಿತ್ತೋ ಅಷ್ಟೇ ಕಾಯುತ್ತದೆ. ಬರೆದ ಕಾವ್ಯ, ಕೂಡಿದ ಲೆಕ್ಕ, ತಿದ್ದಿದ ಚಿತ್ರ, ಇವು ಯಾವುವೂ ಆ ಶಕ್ತಿಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಲೆಕ್ಕ ಸರಿಬಂದರೂ ಅಷ್ಟೇ ಬಿಸಿ, ತಪ್ಪಿದರೂ ಅಷ್ಟೇ. ಸತ್ಪುರುಷನೊಬ್ಬನ ದಾನಪತ್ರವನ್ನು ಅಚ್ಚಿಗೆ ಅಣಿಮಾಡಿದರೂ, ಕಪಟಿಯೊಬ್ಬನ ಖೋಟಾ ದಸ್ತಾವೇಜನ್ನು ಅಣಿಮಾಡಿದರೂ ಯಂತ್ರದ ಉರಿಯಲ್ಲಿ ವ್ಯತ್ಯಾಸವಿರುವುದಿಲ್ಲ. ಬೆವರು ಸುರಿದಷ್ಟೂ, ಗದ್ದಲ ಎದ್ದಷ್ಟೂ ಕೆಲಸ ಶ್ರೇಷ್ಠವೆಂದು ಭಾವಿಸುವ ಒಂದು ಮನೋಧರ್ಮ ನಮ್ಮ ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ಉಂಟಷ್ಟೆ; ಕರ್ಮದ ತಾಪವು ಕರ್ಮದ ಯೋಗ್ಯತೆಗೆ ಪ್ರಮಾಣವಾಗಲಾರದೆಂಬುದಕ್ಕೆ ಈ ಪೆಟ್ಟಿಗೆಯಷ್ಟು ನಿಷ್ಪಕ್ಷಪಾತವಾದ ಸಾಕ್ಷಿ ಮತ್ತೊಂದಿಲ್ಲ.

ಇನ್ನು ಶಾಸ್ತ್ರಕಾರರತ್ತ ತಿರುಗೋಣ. ಈಶ್ವರಕೃಷ್ಣನು ಸಾಂಖ್ಯಕಾರಿಕೆಯ ಆರಂಭದಲ್ಲಿಯೇ ವೈದಿಕ ಕರ್ಮದ ಮೇಲೆ ಅವಿಶುದ್ಧಿಯ ಆಕ್ಷೇಪವನ್ನು ಹೊರಿಸಿದನು. ಯಜ್ಞದಲ್ಲಿ ನಡೆಯುವ ಪಶುಹಿಂಸೆಯನ್ನು ವ್ಯಾಖ್ಯಾನಕಾರರು ಅದಕ್ಕೆ ನಿದರ್ಶನವಾಗಿ ಎತ್ತಿ ತೋರಿಸಿದರು. ಶಾಸ್ತ್ರವು ವಿಧಿಸಿದ್ದರಲ್ಲಿ ದೋಷವನ್ನು ಎಣಿಸುವ ಅಧಿಕಾರ ನಮಗಿಲ್ಲವೆಂದು ಮೀಮಾಂಸಕರು ಪ್ರತಿಪಾದಿಸಿದರು. ಗೀತೆಯ 18ನೆಯ ಅಧ್ಯಾಯವು, ದೋಷಯುಕ್ತವಾದುದರಿಂದ ಕರ್ಮವನ್ನೇ ತ್ಯಜಿಸಬೇಕೆನ್ನುವವರನ್ನೂ, ಯಜ್ಞ ದಾನ ತಪಸ್ಸುಗಳನ್ನು ಬಿಡಲಾಗದೆನ್ನುವವರನ್ನೂ ಮೊದಲಿಗೇ ಎದುರುಬದುರಾಗಿ ನಿಲ್ಲಿಸಿ, 48ನೆಯ ಶ್ಲೋಕದಲ್ಲಿ ಅಗ್ನಿಧೂಮಗಳ ದೃಷ್ಟಾಂತವನ್ನು ಕೊಟ್ಟು, ಆರಂಭಿಸಿದ ಕಾರ್ಯಗಳಿಗೆಲ್ಲ ದೋಷವು ಒಡಹುಟ್ಟಿದ್ದೆಂದೂ, ಅಷ್ಟುಮಾತ್ರಕ್ಕೆ ತನಗೆ ಸಹಜವಾದ ಕರ್ಮವನ್ನು ಬಿಡತಕ್ಕುದಲ್ಲವೆಂದೂ ನಿರ್ಣಯಿಸುತ್ತದೆ.

ಯುದ್ಧಭೂಮಿಯಲ್ಲಿ ಬಿಲ್ಲನ್ನು ಕೆಳಗಿಟ್ಟು ಕುಳಿತವನಿಗೆ ಅದು ಧೈರ್ಯವಚನ. ಆದರೆ ಧೈರ್ಯವಚನಗಳಿಗೆ ಒಂದು ಅಪಾಯ ಉಂಟು. ಯಾರಿಗೆ ಬೇಕಾಗಿತ್ತೋ ಅವರಿಗಿಂತ ಬೇಗ ಅವು ಬೇಡವಾಗಿದ್ದವರ ಕೈಗೆ ಸಿಕ್ಕುತ್ತವೆ. ಹೊಳೆಗೆ ಹೊಲಸನ್ನು ಹರಿಸುವ ಕಾರ್ಖಾನೆಯವನೂ, ನೆರೆಹೊರೆಯವರ ನಿದ್ದೆಯನ್ನು ಕೆಡಿಸುವ ಧ್ವನಿವರ್ಧಕದ ಭಕ್ತನೂ, ಕಡತವನ್ನು ವರ್ಷಗಟ್ಟಲೆ ಕೊಳೆಹಾಕಿದ ಅಧಿಕಾರಿಯೂ, ಯಾವ ಕೆಲಸದಲ್ಲಿ ದೋಷವಿಲ್ಲ ಹೇಳಿ ಎಂದು ಕೇಳುವಾಗ ಗೀತೆಯ ನೆರಳಿನಲ್ಲಿಯೇ ನಿಂತಿರುತ್ತಾರೆ. ದೋಷ ಅನಿವಾರ್ಯವೆಂದು ಒಪ್ಪಿದ ಮೇಲೆ, ಎಷ್ಟು ದೋಷ ಅನಿವಾರ್ಯವೆಂಬ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದರೆ, ಮೊದಲನೆಯ ಉತ್ತರವೇ ಆಲಸ್ಯಕ್ಕೆ ಆಸರೆಯಾಗುತ್ತದೆ.

ಆ ಎರಡನೆಯ ಪ್ರಶ್ನೆಗೆ ಗಣಕಯಂತ್ರದ ಮಟ್ಟಿಗಾದರೂ ಉತ್ತರ ದೊರೆತಿದೆ. ಐಬಿಎಂ ಸಂಸ್ಥೆಯಲ್ಲಿದ್ದ ರಾಲ್ಫ್ ಲ್ಯಾಂಡಾವರ್ ಎಂಬ ಭೌತವಿಜ್ಞಾನಿ 1961ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಗಣನೆಗೆ ತಗಲುವ ಬಿಸಿಯಲ್ಲಿ ಯಾವುದನ್ನು ಯಾವ ಕುಶಲತೆಯಿಂದಲೂ ತಪ್ಪಿಸಲು ಬಾರದೋ ಅದರ ಕನಿಷ್ಠ ಪ್ರಮಾಣವನ್ನು ಗುರುತಿಸಿದನು. ಯಂತ್ರದ ನೆನಪಿನಲ್ಲಿರುವ ಒಂದು ಬಿಟ್ಟನ್ನು, ಎಂದರೆ ಹೌದು ಅಲ್ಲ ಎಂಬ ಎರಡರಲ್ಲಿ ಒಂದನ್ನು ಹೇಳುವ ಅತ್ಯಲ್ಪವಾದ ಗುರುತನ್ನು, ಅಳಿಸಿಹಾಕುವಾಗ ಸ್ವಲ್ಪ ಉಷ್ಣವು ಹೊರಬಿದ್ದೇ ತೀರಬೇಕು. ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಆ ಪ್ರಮಾಣ ಸುಮಾರು 3 ಜೂಲನ್ನು 10ರ ಘಾತ 21ರಿಂದ ಭಾಗಿಸಿದಷ್ಟು; ದಶಮಾಂಶ ಬಿಂದುವಿನ ಬಳಿಕ 20 ಸೊನ್ನೆಗಳನ್ನು ಬರೆದು ಆಮೇಲೆ 3 ಎಂದು ಬರೆಯಬೇಕು. 1973ರಲ್ಲಿ ಅದೇ ಸಂಸ್ಥೆಯ ಚಾರ್ಲ್ಸ್ ಬೆನೆಟ್, ಏನನ್ನೂ ಅಳಿಸದೆ, ನಡೆದ ಹೆಜ್ಜೆಗಳ ಗುರುತನ್ನು ಉಳಿಸಿಕೊಂಡು, ಉತ್ತರ ದೊರೆತ ಬಳಿಕ ಬಂದ ದಾರಿಯಲ್ಲಿಯೇ ಹಿಂದಿರುಗಿದರೆ ಗಣನೆಯನ್ನು ತತ್ತ್ವತಃ ಆ ಕನಿಷ್ಠ ದಂಡವೂ ಇಲ್ಲದೆ ನಡೆಸಬಹುದೆಂದು ತೋರಿಸಿದನು. ಎಂದಮೇಲೆ ಅನಿವಾರ್ಯವಾದ ತಾಪವು ಅರಿಯುವುದಕ್ಕೆ ಸೇರಿದ್ದಲ್ಲ, ಅರಿತುದನ್ನು ಅಳಿಸುವುದಕ್ಕೆ ಸೇರಿದ್ದು. 2012ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಪ್ರಯೋಗಶಾಲೆಯಲ್ಲಿ, ನೀರಿನೊಳಗಿನ ಅತಿ ಸಣ್ಣ ಗಾಜಿನ ಮಣಿಯೊಂದನ್ನು ಲೇಸರ್ ಕಿರಣದಿಂದ ಹಿಡಿದು ಅದನ್ನೇ ಒಂದು ಬಿಟ್ ಆಗಿ ಬಳಸಿ ಈ ಮಿತಿಯನ್ನು ಪರೀಕ್ಷಿಸಿದರು. ಅವಸರದಿಂದ ಅಳಿಸಿದಾಗ ಬಿಸಿ ಮಿತಿಗಿಂತ ಬಹಳ ಮೇಲಿರುತ್ತಿತ್ತು. ಅಳಿಸುವುದನ್ನು ನಿಧಾನಗೊಳಿಸುತ್ತ ಹೋದಂತೆ ಅದು ಇಳಿಯುತ್ತ ಬಂದು ಲ್ಯಾಂಡಾವರನ ಗೆರೆಯನ್ನು ಸಮೀಪಿಸಿತು.

ನಮ್ಮ ಮೇಜಿನ ಕೆಳಗಿನ ಯಂತ್ರವಾದರೋ ಆ ಕನಿಷ್ಠಕ್ಕಿಂತ ಕಡಮೆಯೆಂದರೂ ಹಲವು ಸಾವಿರ ಪಟ್ಟು ಅಧಿಕವಾಗಿ ಉರಿಯುತ್ತದೆ. ಪ್ರಕೃತಿಯ ನಿಯಮವು ಕೇಳುವ ಕಪ್ಪ ಅಣುಮಾತ್ರ. ಮಿಕ್ಕುದೆಲ್ಲ ಬೇರೆ ಕಾರಣಗಳಿಂದ ಬಂದದ್ದು. ಆ ಕಾರಣಗಳಲ್ಲಿ ಒಂದು ಪಾಲು ಕಾಲಧರ್ಮಕ್ಕೆ ಸೇರಿದ್ದೆಂಬುದನ್ನು ನ್ಯಾಯವಾಗಿ ಒಪ್ಪಬೇಕು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಗಣಕವು ಸುಮಾರು 18,000 ನಿರ್ವಾತ ಕೊಳವೆಗಳನ್ನು ಉರಿಸಿ, 150 ಕಿಲೋವಾಟ್ ಶಕ್ತಿಯನ್ನು ಕಬಳಿಸಿ, ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡುತ್ತಿತ್ತು. ಇಂದು ಅಂಗೈಯಲ್ಲಿ ಅಡಗುವ ಫೋನು ಕೆಲವೇ ವಾಟ್‌ಗಳಲ್ಲಿ ಕೋಟ್ಯಂತರ ಲೆಕ್ಕಗಳನ್ನು ಮುಗಿಸುತ್ತದೆ. ಎನಿಯಾಕನ್ನು ಕಟ್ಟಿದವರಿಗೆ ಆ ಉರಿಯು ಅನಿವಾರ್ಯವಾಗಿಯೇ ಕಂಡಿದ್ದಿರಬೇಕು. ಅವರ ಮಟ್ಟಿಗೆ ಅದು ಹೌದು ಕೂಡ. ಒಂದು ತಲೆಮಾರು ವಿಧಿಯೆಂದು ಕರೆದುದನ್ನು ಮತ್ತೊಂದು ತಲೆಮಾರು ಅಕೌಶಲವೆಂದು ಗುರುತಿಸುತ್ತದೆ. ಆದಕಾರಣ ಅನಿವಾರ್ಯವೆಂಬ ಮಾತನ್ನು ಉಚ್ಚರಿಸುವ ಮುನ್ನ ಬಹಳ ಸಂಕೋಚಪಡುವುದು ಒಳ್ಳೆಯದು.

ಮಿಕ್ಕ ಕಾರಣಗಳಲ್ಲಿ ಪ್ರಬಲವಾದುದು ತ್ವರೆ. ಪ್ರೊಸೆಸರಿನೊಳಗಿನ ಸ್ವಿಚ್ಚುಗಳಲ್ಲಿ ಹುಟ್ಟುವ ಬಿಸಿಯು ಅವು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತವೆಂಬುದನ್ನೂ, ಅವಕ್ಕೆ ಕೊಟ್ಟ ವೋಲ್ಟೇಜಿನ ವರ್ಗವನ್ನೂ ಅವಲಂಬಿಸಿರುತ್ತದೆ. ಮಿಡಿತವನ್ನು ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ, ಒಂದು ಮಿತಿಯೊಳಗೆ ಬಿಸಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆಂದು ಸ್ಥೂಲವಾಗಿ ಹೇಳಬಹುದು. ಇದನ್ನೇ ತಿರುಗಿಸಿ ನೋಡಿದರೆ, ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿ ವೋಲ್ಟೇಜನ್ನೂ ಅದಕ್ಕೆ ತಕ್ಕಂತೆ ಇಳಿಸಿದರೆ ಬಿಸಿಯು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಸ್ವಿಚ್ಚುಗಳು ಕಿರಿದಾದಂತೆ ಅವುಗಳ ಶಕ್ತಿವ್ಯಯವೂ ಸಮಪ್ರಮಾಣದಲ್ಲಿ ಕುಗ್ಗುವುದೆಂದು ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದ ಸೂತ್ರದ ಬಲದಿಂದ ಉದ್ಯಮವು ಮೂವತ್ತು ವರ್ಷಗಳ ಕಾಲ ನಿಶ್ಚಿಂತೆಯಿಂದ ವೇಗವನ್ನು ಏರಿಸುತ್ತ ಹೋಯಿತು. ಆ ಸೂತ್ರ ಸಡಿಲಿದಾಗ, 2004ರಲ್ಲಿ ಇಂಟೆಲ್ ಸಂಸ್ಥೆಯು 4 ಗಿಗಾಹರ್ಟ್ಸ್ ವೇಗದ ಪೆಂಟಿಯಮ್ 4 ಅನ್ನು ಹೊರತರುವ ಯೋಜನೆಯನ್ನು ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಒಂದಕ್ಕಿಂತ ಹೆಚ್ಚು ಕೋರ್‌ಗಳನ್ನಿಟ್ಟು ಅವುಗಳಿಗೆ ಕೆಲಸವನ್ನು ಹಂಚುವ ದಾರಿಗೆ ಹೊರಳಿತು. ಒಬ್ಬನು ಉಸಿರುಗಟ್ಟಿ ಓಡುವುದಕ್ಕಿಂತ ಹಲವರು ಸಮಾಧಾನದಿಂದ ಕೂಡಿ ದುಡಿಯುವುದು ಮೇಲೆಂಬ ಪಾಠವನ್ನು ಆ ಉದ್ಯಮಕ್ಕೆ ಕಲಿಸಿದ್ದು ಯಾವ ಧರ್ಮಗುರುವೂ ಅಲ್ಲ, ಉಷ್ಣಮಾಪಕ.

ಎರಡನೆಯದು ಅಲಕ್ಷ್ಯ, ಇದರ ದೃಶ್ಯರೂಪ ಧೂಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳನ್ನು ಮಾರುವ, ರಿಪೇರಿಮಾಡುವ ಅಂಗಡಿಗಳ ಸಾಲು ಪ್ರಸಿದ್ಧವಷ್ಟೆ. ಗದ್ದಲ ಮಾಡುವ ಯಂತ್ರವನ್ನು ಹೊತ್ತುತಂದು ಹೊಸ ಫ್ಯಾನು ಕೇಳುವ ಗಿರಾಕಿಗೆ ಅಲ್ಲಿನ ಅನುಭವಸ್ಥ ಹುಡುಗರು ಹೇಳುವ ಮಾತು ಪ್ರಾಯಶಃ ಒಂದೇ: "ಫ್ಯಾನ್ ಆಮೇಲೆ ನೋಡೋಣ ಸಾರ್, ಮೊದಲು ಬಿಚ್ಚಿ ಧೂಳು ಹೊಡೆಯೋಣ." ಬಿಚ್ಚಿದಾಗ ಕಾಣುವುದೇನು? ಹೀಟ್ ಸಿಂಕಿನ ಲೋಹದ ಎಸಳುಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿದ ಧೂಳು. ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಒಣಗಿ ಬಿರಿದ ಥರ್ಮಲ್ ಪೇಸ್ಟು. ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಕಣ್ಣಿಗೆ ಬೀಳದ ಸಂದುಗಳಲ್ಲಿ ಗಾಳಿ ನಿಂತಿರುತ್ತದೆ. ತಾಮ್ರಕ್ಕೆ ಹೋಲಿಸಿದರೆ ಗಾಳಿಯು ಶಾಖವನ್ನು ದಾಟಿಸುವ ಶಕ್ತಿ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆಯಾದುದರಿಂದ ಆ ಸಂದುಗಳನ್ನು ಪೇಸ್ಟಿನಿಂದ ತುಂಬುತ್ತಾರೆ. ಒಳಗಿನ ಬಿಸಿಗೆ ಹೊರಹೋಗುವ ದಾರಿಯು ಹೀಗೆ ಎರಡು ಕಡೆಯೂ ಮುಚ್ಚಿಹೋಗಿರುವಾಗ ಫ್ಯಾನು ಎಷ್ಟು ಅರಚಿದರೇನು?

ಈ ಧೂಳಿನ ವಿಷಯದಲ್ಲಿ ಜೈನದರ್ಶನವು ಹೇಳಿದ ಮಾತು ಅತ್ಯಂತ ಸೂಕ್ಷ್ಮವಾದುದು. ಕರ್ಮವನ್ನು ಆತ್ಮಕ್ಕೆ ಬಂದು ಅಂಟುವ ಪುದ್ಗಲವೆಂದೇ ಜೈನರು ಎಣಿಸಿದರಷ್ಟೆ. ಆದರೆ ಬಂದ ಕರ್ಮವೆಲ್ಲ ಒಂದೇ ಬಗೆಯಾಗಿ ಬಂಧಿಸುವುದಿಲ್ಲ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳಿಂದ ಕೂಡಿದವನಲ್ಲಿ ಅದು ಜಿಡ್ಡಿನ ಮೈಗೆ ಧೂಳು ಹತ್ತಿದಂತೆ ಹತ್ತಿ ನಿಲ್ಲುತ್ತದೆ. ಕಷಾಯಗಳಿಲ್ಲದವನಲ್ಲಿ ಒಣಗೋಡೆಯ ಮೇಲೆ ಬಿದ್ದುದರಂತೆ ತಾಗಿದೊಡನೆ ಉದುರಿಹೋಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಈ ಎರಡು ಬಗೆಗಳನ್ನು ಸಾಂಪರಾಯಿಕ, ಈರ್ಯಾಪಥ ಎಂದು ವಿಂಗಡಿಸಿದೆ. ಕಂಪ್ಯೂಟರನ್ನು ಶುಚಿಮಾಡುವವರು ಈ ಭೇದವನ್ನು ಶಾಸ್ತ್ರಾಧ್ಯಯನವಿಲ್ಲದೆಯೇ ಬಲ್ಲರು: ಬರಿಯ ಒಣಧೂಳು ಬ್ಲೋಯರಿನ ಒಂದು ಬೀಸಿಗೆ ಹಾರಿಹೋಗುತ್ತದೆ, ಅಡುಗೆಮನೆಯ ಒಗ್ಗರಣೆಯ ಆವಿಯೋ, ಬೀಡಿ ಸಿಗರೇಟುಗಳ ಹೊಗೆಯೋ ಬೆರೆತ ಧೂಳು ಎಸಳಿಗೆ ಮೆತ್ತಿಕೊಂಡು ಕುಂಚವನ್ನೂ ಲೆಕ್ಕಿಸದು. ಮಹಾನವಮಿಯ ಆಯುಧಪೂಜೆಯಲ್ಲಿ ನಾವು ಕಂಪ್ಯೂಟರಿಗೂ ಅರಿಸಿನ ಕುಂಕುಮಗಳನ್ನಿಟ್ಟು, ಗಾಳಿಯಾಡುವ ಕಂಡಿಗಳ ಮೇಲೆಯೇ ಸೇವಂತಿಗೆಯ ಹಾರವನ್ನು ಇಳಿಬಿಟ್ಟು, ಸಾಂಬ್ರಾಣಿಯ ಧೂಪವನ್ನು ಅದರ ಮೂಗಿಗೆ ಹಿಡಿಯುತ್ತೇವೆ. ಭಕ್ತಿ ದೊಡ್ಡದು; ಆದರೆ ಆ ಪೂಜೆಯಲ್ಲಿ ಯಂತ್ರಕ್ಕೆ ನಿಜವಾಗಿ ಸಲ್ಲುವ ಭಾಗವೆಂದರೆ ಹಿಂದಿನ ದಿನ ಅದನ್ನು ಒರೆಸಿ, ಕೊಡವಿ, ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಟ್ಟದ್ದು.

ಅದೇ ಸೂತ್ರಗ್ರಂಥವು ಹಿಂಸೆಗೆ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ನಿಲ್ಲಿಸದೆ, ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಆದ ಪ್ರಾಣಹಾನಿ ಎಂದು ಬಿಗಿಗೊಳಿಸಿದೆ. ಎಚ್ಚರವಿಟ್ಟು ನಡೆದಾಗಲೂ ಉಂಟಾದ ನೋವಿಗೂ, ಎಚ್ಚರಗೇಡಿತನದಿಂದ ಉಂಟಾದ ನೋವಿಗೂ ನಡುವೆ ಇಲ್ಲೊಂದು ಗೆರೆ ಎಳೆಯಲ್ಪಟ್ಟಿತು. ಗೀತೆಯು ದೋಷಕ್ಕೆ ಅಂಜಿ ಕರ್ಮವನ್ನು ಬಿಡಬೇಡವೆಂದಿತು. ತತ್ತ್ವಾರ್ಥಸೂತ್ರವು ದೋಷದಲ್ಲಿ ನಿನ್ನ ಪಾಲೆಷ್ಟೆಂದು ಕೇಳಿತು. ನಮಗೆ ಎರಡೂ ಬೇಕು. ಮೊದಲನೆಯದಿಲ್ಲದಿದ್ದರೆ ಮನುಷ್ಯನು ಕೈಕಟ್ಟಿ ಕೂರುತ್ತಾನೆ. ಎರಡನೆಯದಿಲ್ಲದಿದ್ದರೆ ಕೈಬಿಟ್ಟು ನಡೆಯುತ್ತಾನೆ.

ಇನ್ನು ಸದ್ದಿನ ಮಾತು. ಯಂತ್ರ ಗದ್ದಲ ಮಾಡಿದಾಗ ಮೊದಲು ಹೊಳೆಯುವ ಉಪಾಯವೆಂದರೆ ಸದ್ದನ್ನು ಅಡಗಿಸುವುದು: ಪೆಟ್ಟಿಗೆಯನ್ನು ಮೇಜಿನ ಕಪಾಟಿನೊಳಕ್ಕೆ ತಳ್ಳಿ ಬಾಗಿಲನ್ನು ಹಾಕುವವರುಂಟು, ಫ್ಯಾನಿನ ವೇಗವನ್ನು ಬಲವಂತವಾಗಿ ತಗ್ಗಿಸಿಡುವವರೂ ಉಂಟು. ಸದ್ದು ತಗ್ಗುತ್ತದೆ, ಬಿಸಿ ಏರುತ್ತದೆ. ಹೊರಗೆ ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಒಳಗೆ ವಿಷಯಗಳನ್ನೇ ಮೆಲುಕುಹಾಕುವವನನ್ನು ಗೀತೆಯ ಮೂರನೆಯ ಅಧ್ಯಾಯವು ಮಿಥ್ಯಾಚಾರನೆಂದು ಕರೆದಿರುವುದು ಇಂಥ ಮೌನವನ್ನು ಕಂಡೇ ಇರಬೇಕು. ಫ್ಯಾನು ಬಿಸಿಯ ಕಾರಣವಲ್ಲ, ಅದರ ವಾರ್ತಾಹರ. ಅದರ ಗದ್ದಲವನ್ನು ನ್ಯಾಯವಾಗಿ ಇಳಿಸುವ ದಾರಿ ಬೇರೆ ಉಂಟು. ಫ್ಯಾನಿನ ವೇಗವು ಇಮ್ಮಡಿಯಾದರೆ ಅದು ಉಣ್ಣುವ ಶಕ್ತಿ ಎಂಟುಮಡಿಯಾಗುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ; ಆದುದರಿಂದ ಕಿರಿದಾದ ಫ್ಯಾನೊಂದು ಭರದಿಂದ ತಿರುಗಿ ದೂಡುವ ಗಾಳಿಯನ್ನು ಹಿರಿದಾದ ಫ್ಯಾನು ಮೆಲ್ಲಗೆ ತಿರುಗಿ ದೂಡುವಂತೆ ಮಾಡುವುದೇ ನಿಃಶಬ್ದತೆಯ ಮರ್ಮ. ಇನ್ನು ಪ್ರೊಸೆಸರಿಗೂ ತನ್ನದೇ ಆದ ಸಂಯಮವೊಂದನ್ನು ನಿರ್ಮಾತೃಗಳು ಇಟ್ಟಿದ್ದಾರೆ. ಒಡಲಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದೊಡನೆ ಅದು ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ, ಅದರಿಂದಲೂ ಸಾಲದಾದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಕಾದಷ್ಟೂ ವೇಗವನ್ನು ಏರಿಸುವ ಜಾಯಮಾನ ಮನುಷ್ಯನದು.

ಸರಿ, ವೇಗವನ್ನು ತಗ್ಗಿಸಿದೆವು, ಧೂಳನ್ನು ಕಳೆದೆವು, ದಾರಿಯನ್ನು ತೆರೆದೆವು. ಹೊರಬಿದ್ದ ಬಿಸಿ ಎಲ್ಲಿಗೆ ಹೋಯಿತು? ಅದು ನಾಶವಾಗಲಿಲ್ಲ, ಪೆಟ್ಟಿಗೆಯಿಂದ ಕೋಣೆಗೆ ಬಂತು. ಬೀಸಿದ ಗಾಳಿಯು ಯಂತ್ರವನ್ನು ಸುತ್ತಲಿನ ಉಷ್ಣತೆಗಿಂತ ಕೆಳಕ್ಕೆ ಎಂದೂ ಇಳಿಸಲಾರದು. ಆದುದರಿಂದಲೇ ಮಡಿಕೇರಿಯಲ್ಲಿ ಸುಖವಾಗಿರುವ ಯಂತ್ರವು ಕಲಬುರಗಿಯ 40 ಡಿಗ್ರಿಯನ್ನು ಮೀರಿದ ಬೇಸಗೆಯಲ್ಲಿ ಬಸವಳಿಯುತ್ತದೆ. ಕೋಣೆ ಕಾದಿತೆಂದು ಏಸಿಯನ್ನು ಹಾಕಿದರೆ ಅದು ಕೋಣೆಯ ಬಿಸಿಗೆ ತನ್ನ ಬಿಸಿಯನ್ನೂ ಸೇರಿಸಿ ಬೀದಿಗೆ, ಎಂದರೆ ಕಿಟಕಿಯಾಚೆಯ ಮನೆಯವರ ಕಡೆಗೆ, ಸುರಿಯುತ್ತದೆ. ಈ ರಗಳೆಯೇ ಬೇಡವೆಂದು ಯಂತ್ರವನ್ನು ಮಾರಿ, ಕೆಲಸವನ್ನೆಲ್ಲ ಸದ್ದಿಲ್ಲದ ಫೋನಿನಲ್ಲಿ ಕ್ಲೌಡಿನ ಮೂಲಕ ನಡೆಸುವವರಿಗೆ ಮೌನ ದೊರೆಯುವುದೇನೋ ನಿಜ. ಅವರ ಪಾಲಿನ ಗದ್ದಲವು ಅವರು ಕಾಣದ ಯಾವುದೋ ಊರಿನ ಡೇಟಾ ಸೆಂಟರಿನಲ್ಲಿ, ಸಾವಿರಾರು ಫ್ಯಾನುಗಳ ನಡುವೆ, ಎಷ್ಟೋ ಕಡೆ ನೀರನ್ನೂ ಆವಿಮಾಡುತ್ತ, ನಡೆದೇ ಇರುತ್ತದೆ. ನಮ್ಮ ಶಾಂತಿಗಳಲ್ಲಿ ಅನೇಕವು ಈ ಜಾತಿಯವು. ನಿಶ್ಶಬ್ದವಾದ ಮನೆಯನ್ನು ಕಂಡಾಗ ಇಲ್ಲಿಯ ಸದ್ದನ್ನು ಎಲ್ಲಿ ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ವಿಚಾರಿಸಿಕೊಳ್ಳುವುದು ಧರ್ಮಜಿಜ್ಞಾಸೆಯ ಒಂದು ಭಾಗವೇ ಸರಿ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಯಂತ್ರಕ್ಕೆ ಕರ್ತೃತ್ವವಿಲ್ಲ, ಅಹಂಕಾರವಿಲ್ಲ, ಫಲದ ಆಸೆಯಿಲ್ಲ. ಅದರ ಬಿಸಿಯನ್ನು ಮನುಷ್ಯನ ಕರ್ಮಕ್ಕೆ ಹೋಲಿಸುವುದು ಹೇಗೆ? ಆಕ್ಷೇಪದಲ್ಲಿಯೇ ಉತ್ತರವೂ ಇದೆ. ಫಲಾಪೇಕ್ಷೆಯಿಲ್ಲದೆ ದುಡಿಯತಕ್ಕವನ ಮಾದರಿ ಬೇಕಾದರೆ ಈ ಪೆಟ್ಟಿಗೆಗಿಂತ ಶುದ್ಧವಾದುದು ಸಿಕ್ಕಲಾರದು. ಹೊಗಳಿಕೆಗೆ ಅದು ಉಬ್ಬುವುದಿಲ್ಲ, ತೆಗಳಿಕೆಗೆ ಕುಗ್ಗುವುದಿಲ್ಲ, ಲಾಭಾಲಾಭಗಳಲ್ಲಿ ಅದಕ್ಕೆ ಸಮದೃಷ್ಟಿ. ಆದರೂ ಕೋಣೆ ಕಾಯುತ್ತದೆ. ಕರ್ತನು ಅಹಂಕಾರವನ್ನು ಬಿಟ್ಟೊಡನೆ ಕರ್ಮವು ಲೋಕಕ್ಕೆ ಕೊಡುವ ತಾಪವೂ ನಿಂತುಹೋಗುವುದೆಂಬ ಒಂದು ಮಧುರವಾದ ಭ್ರಮೆ ನಮ್ಮ ಧಾರ್ಮಿಕರಲ್ಲಿ ಪ್ರಚಲಿತವಾಗಿದೆ. ನಾನು ನಿಷ್ಕಾಮನಾಗಿ ಮಾಡಿದೆ, ಆದುದರಿಂದ ನಾನು ಮಾಡಿದ್ದು ನಿರ್ದೋಷವೆಂಬುದು ಅದರ ತರ್ಕ. ಗೀತೆಯು ಹಾಗೆ ಹೇಳಿಲ್ಲ. ನಿಷ್ಕಾಮತೆಯು ಕರ್ತನನ್ನು ಬಂಧನದಿಂದ ಕಾಯುತ್ತದೆ. ನೆರೆಯವನನ್ನು ತಾಪದಿಂದ ಕಾಯುವುದು ಅಪ್ರಮಾದ, ಎಂದರೆ ಎಚ್ಚರ. ಒಂದು ಆತ್ಮಕ್ಕೆ ಸಂಬಂಧಿಸಿದ ಸಾಧನೆ, ಮತ್ತೊಂದು ಲೋಕಕ್ಕೆ ಸಂಬಂಧಿಸಿದ ಕರ್ತವ್ಯ. ಒಂದರ ಲೆಕ್ಕದಲ್ಲಿ ಇನ್ನೊಂದರ ಸಾಲವನ್ನು ತೀರಿಸಲು ಬಾರದು. ಪರಮ ನಿಃಸ್ವಾರ್ಥಿಗಳೆನಿಸಿದವರ ಕೈಯಿಂದಲೂ ಎಷ್ಟೋ ಸಂಸಾರಗಳು, ಸಂಸ್ಥೆಗಳು ಏಕೆ ಬೆಂದುಹೋಗಿವೆಯೆಂಬ ಒಗಟಿಗೆ ಇದೇ ಉತ್ತರವಾಗಿರಬಹುದು. ಅವರಲ್ಲಿ ಸ್ವಾರ್ಥವಿರಲಿಲ್ಲ, ತಾಳ್ಮೆಯೂ ಇರಲಿಲ್ಲ.

ಹಾಗಾದರೆ ಕರ್ಮದ ದೋಷವನ್ನು ಮೂರು ರಾಶಿಗಳಾಗಿ ವಿಂಗಡಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಸೃಷ್ಟಿಯ ನಿಯಮದಿಂದಲೇ ಬಂದು, ಯಾವ ಕುಶಲತೆಗೂ ಜಗ್ಗದಿರುವುದು ಒಂದು. ಇದು ನಾವು ಭಾವಿಸಿರುವುದಕ್ಕಿಂತ ಬಹಳ ಕಿರಿದು. ನಮ್ಮ ಕಾಲದ ಅರಿವಿನ ಕೊರತೆಯಿಂದ ಬಂದು, ಮುಂದಿನವರ ಅರಿವಿನಿಂದ ಕಳೆಯಬಹುದಾದುದು ಎರಡನೆಯದು. ಇದನ್ನು ಸಹಿಸಿಕೊಳ್ಳಬೇಕು, ಆದರೆ ವಿಧಿಯೆಂದು ಪೂಜಿಸಬಾರದು. ಅವಸರದಿಂದ, ಕೊಳೆಯಿಂದ, ಬೇಡದ ಕೆಲಸಗಳನ್ನು ಒಳಗೆ ಓಡಲು ಬಿಟ್ಟಿರುವುದರಿಂದ ಬಂದು, ಈ ಹೊತ್ತೇ ನಮ್ಮ ಕೈಯಿಂದ ಕಳೆಯಬಹುದಾದುದು ಮೂರನೆಯದು; ನಿತ್ಯಜೀವನದಲ್ಲಿ ನಮ್ಮನ್ನೂ ನಮ್ಮ ನೆರೆಯವರನ್ನೂ ಬೇಯಿಸುವ ಉರಿಯಲ್ಲಿ ಹಿರಿಯ ಪಾಲು ಇದರದೇ. ಶಾಸ್ತ್ರಗಳ ಸಮಾಧಾನವು ಸಲ್ಲತಕ್ಕುದು ಮೊದಲನೆಯ ರಾಶಿಗೆ ಮಾತ್ರ. ಅದಕ್ಕಾಗಿ ಯಾರೂ ನಾಚಬೇಕಾದುದಿಲ್ಲ, ಅದಕ್ಕೆ ಅಂಜಿ ಕೆಲಸವನ್ನು ಬಿಡಬೇಕಾದುದೂ ಇಲ್ಲ. ಮೂರನೆಯ ರಾಶಿಗೆ ಸಮಾಧಾನವನ್ನು ವೇದಾಂತದಲ್ಲಿ ಹುಡುಕಬಾರದು. ಅದಕ್ಕೆ ಬೇಕಾದುದು ಒಂದು ಕುಂಚ, ಸ್ವಲ್ಪ ನಿಧಾನ, ಮತ್ತು ಬಿಸಿ ಯಾರ ಮೇಲೆ ಬೀಳುತ್ತಿದೆಯೆಂದು ತಿರುಗಿ ನೋಡುವ ಸೌಜನ್ಯ.